ಅತ್ತೆ ಬೀಸಿದ ಗಾಳಿ

ಮಹಡಿ ಮೇಲಿನಿಂದ,
ಭಾನುವಾರ, ಮಾರ್ಚ್ ೧೦

ನನ್ನ ಪ್ರೀತಿಯ ಗಾಳಿರಾಣಿ,

ಹೇಗಿದ್ದೀಯ? ಕೆಮ್ಮು ನಿಂತಿತೇ? ಹಾಸ್ಟೆಲಿನ ಊಟ ಸೇರುವುದಿಲ್ಲವೆಂದು ಬಿಸ್ಕತ್ತಿನಲ್ಲೇ ದಿನ ತಳ್ಳಬೇಡ. ನಾನೂ ಅಮ್ಮನೂ ಚೆನ್ನಾಗಿದ್ದೇವೆ. ಹೊಲಿಗೆ ಕೆಲಸ ಕೈತುಂಬ ಇದೆ. ಕರೆಂಟು ಹೋದಾಗಲೆಲ್ಲ ಇಸ್ತ್ರಿಪೆಟ್ಟಿಗೆ ತಣ್ಣಗಾಗುತ್ತದೆ, ನಾನು ಬಿಸಿಯಾಗುತ್ತೇನೆ.

ಗಾಳಿ ಅಳೆಯಲೆಂದು ನೀನು ಮಹಡಿಯ ಕಂಬಕ್ಕೆ ಕಟ್ಟಿಹೋದ ಬಟ್ಟಲುಗಳು ತಿರುಗುತ್ತಲೇ ಇವೆ. "ಗಾಳಿ ಸಾಲುವಷ್ಟಿದ್ದರೆ ತರಬೇತಿ ಮುಗಿಸಿ ಬಂದು ಇಲ್ಲೇ ಕರೆಂಟು ಮಾಡುವ ಪುಟ್ಟ ಗಾಳಿಯಂತ್ರ ಕೂರಿಸುತ್ತೇನೆ, ಇಲ್ಲದಿದ್ದರೆ ಕಡಲ ತೀರದ ಗಾಳಿಯಂತ್ರಗಳ ಕೆಲಸವನ್ನೇ ಒಪ್ಪಿಕೊಳ್ಳುತ್ತೇನೆ" ಎಂದು ನೀನು ಹೇಳಿ ಹೋದ ದಿನದಿಂದ ಅಮ್ಮನಿಗೆ ಆ ಬಟ್ಟಲುಗಳ ಮೇಲೇ ಕಣ್ಣು. ಸೊಸೆ ಬಂದ ಮೇಲೆ ಅವಳಿಗೆ ಮಗ ಲೆಕ್ಕಕ್ಕಿಲ್ಲ, ಗೊತ್ತಲ್ಲ.

ಬಟ್ಟಲುಗಳ ಮೀಟರು ಗಂಟೆಗಂಟೆಗೂ ತಾನೇ ದಾಖಲಿಸಿದ್ದನ್ನು ಬರೆದು ನಾನು ಕಳಿಸಿದ ಅಂಕಿಗಳನ್ನು ನೋಡಿ ನೀನು ಹೋದ ಪತ್ರದಲ್ಲಿ ಕೇಳಿದ್ದೆ: ದಿನವೂ ಊಟದ ಹೊತ್ತು ಕಳೆದ ಮೇಲೆ ಒಂದಿಷ್ಟೂ ಏರಿಳಿತವಿಲ್ಲದ ಗಾಳಿ ಅದೆಲ್ಲಿಂದ ಬರುತ್ತಿದೆ ಎಂದು. ಅದು ನಾನು ಕೊಂಚ ಕಣ್ಣು ಮುಚ್ಚುವ ಹೊತ್ತು. ನೋಡೇಬಿಡೋಣ ಎಂದು ನಿನ್ನೆ ನಿದ್ದೆ ಬಿಟ್ಟು ಮಹಡಿ ಹತ್ತಿದೆ. ಒಂದೆಲೆಯೂ ಅಲುಗುತ್ತಿರಲಿಲ್ಲ. ಅಮ್ಮ ಕೊಡೆ ಬಿಡಿಸಿಕೊಂಡು ಸ್ಟೂಲಿನ ಮೇಲೆ ಕೂತಿದ್ದಾಳೆ. ಎದುರಿಗೆ ಒಂದರ ಮೇಲೊಂದಿಟ್ಟ ಎರಡು ಮೇಜು, ಅದರ ಮೇಲೆ ನಮ್ಮ ಟೇಬಲ್ ಫ್ಯಾನು, ನಿನ್ನ ಬಟ್ಟಲುಗಳಿಗೆ ಮುಖ ಮಾಡಿ ಭರ್ರೆಂದು ತಿರುಗುತ್ತಿದೆ! ವೈರು ಮೆಟ್ಟಿಲಿಳಿದು ಅಡುಗೆಮನೆ ಸೇರಿದೆ. ಕರೆಂಟು ಸುಟ್ಟು ಕರೆಂಟಿಗೆ ಗಾಳಿ ಮಾಡುವುದನ್ನು ನಿನ್ನ ಮೇಷ್ಟ್ರೂ ಕಲಿಸಿರಲಾರರು.

ಸಿಕ್ಕಿಬಿದ್ದವಳು ತಲೆ ತಗ್ಗಿಸಿದಳೇ? ಇಲ್ಲ. "ಗಾಳಿ ಇಲ್ಲ ಅಂತ ಹುಡುಗಿ ಅಲ್ಲೇ ಉಳ್ಕೊಂಡ್ರೆ ಏನೋ ಮಾಡ್ತೀಯ?" ಎಂದು ನನ್ನನ್ನೇ ಗದರಿದಳು. ಆಮೇಲೆ ಫ್ಯಾನು ಆರಿಸಿ, ಅಂಗೈಯಿಂದ ಮುಖ ಒರೆಸಿಕೊಂಡಳು. ಬರೀ ಬೆವರಲ್ಲ ಅದು.

ಅವಳನ್ನು ಬಯ್ಯಬೇಡ. ನೀನಿಲ್ಲದ ಮನೆ ನನಗೂ ಬಿಕೋ ಎನ್ನುತ್ತದೆ. ಫ್ಯಾನಿನ ಉಪಾಯ ನನಗೆ ಹೊಳೆಯಲಿಲ್ಲ, ಅಷ್ಟೆ.

ಹೊತ್ತಿಗೆ ಸರಿಯಾಗಿ ಮಲಗು. ಅಮ್ಮನ ಆಶೀರ್ವಾದ ಈ ಲಕೋಟೆಯಲ್ಲಿ ಹಿಡಿಸದಷ್ಟಿದೆ.

ನಿನ್ನ
ದರ್ಜಿ

ತಾ.ಕ.: ಅಮ್ಮನ ಗಾಳಿಯನ್ನು ಕಳೆದು ಲೆಕ್ಕ ಹಾಕಿದೆ. ನಮ್ಮ ಮಹಡಿಯ ಗಾಳಿಗೆ ಒಂದು ದೀಪ ಹತ್ತೀತು, ಅದಕ್ಕಿಂತ ಹೆಚ್ಚೇನೂ ಆಗದು. ಕಡಲ ತೀರದ ಕೆಲಸ ಒಪ್ಪಿಕೋ. ಹೊಲಿಗೆ ಮಿಷನ್ನು ಎಲ್ಲಿಟ್ಟರೂ ಹೊಲಿಯುತ್ತದೆ. ಮೂವರಿಗೆ ಸಾಲುವ ಮನೆ ಹುಡುಕು. ಬೆಳಿಗ್ಗೆ ಅಮ್ಮನಿಗೆ ಹೇಳಿದೆ, ಆಗಲೇ ಅರ್ಧ ಅಡುಗೆಮನೆ ಪೆಟ್ಟಿಗೆ ಸೇರಿದೆ. ಎಲ್ಲಕ್ಕಿಂತ ಮೊದಲು ಕಟ್ಟಿದ್ದು ಫ್ಯಾನು. ಅಷ್ಟು ಗಾಳಿಯ ಊರಿಗೆ ಇದ್ಯಾಕಮ್ಮ ಎಂದರೆ, "ಅಲ್ಲೂ ಗಾಳಿ ಕೈಕೊಟ್ರೆ?" ಅಂತಾಳೆ.