ಹಿಂದುಮುಂದಾದ ಗಾಜು

ನವೆಂಬರ್ 24, ಬೆಳಗ್ಗೆ 6.40

ಆಂಟ್ಯೆ ಅಕ್ಕಾ, ಮಂಡಿನೋವು ಹೇಗಿದೆ? ಏವಾಲ್ಡ್ ಭಾವನ ಕೆಮ್ಮು? ನಿನ್ನ ಮಗಳು ಗೆಷೆಗೆ ಏಳನೇ ತಿಂಗಳಲ್ಲವೇ, ಊಟ ಸೇರುತ್ತಿದೆಯೇ? ನನಗೆ ಸುಸ್ತು, ಅಷ್ಟೇ. ಲೇಸರ್ ಹದಕ್ಕೆ ಬರಲು ಇನ್ನೂ ಒಂದು ಗಂಟೆ. ಹ್ಯಾಂಬರ್ಗ್‌ನ ಕತ್ತಲೆ ನೋಡುತ್ತಾ ಕಾಫಿ...

ನಾನು ಕನ್ನಡಕದಂಗಡಿಯಲ್ಲಿ ಗಾಜು ಉಜ್ಜಿ ಕಲಿತವನು. ಈ ಪ್ರಯೋಗಾಲಯದಲ್ಲಿ ನಾನು ಸಹಾಯಕ; ಸಂಶೋಧಕಿ ಡಾಕ್ಟರ್ ವೀಬ್ಕೆ ನನ್ನ ಅರ್ಧ ವಯಸ್ಸಿನವಳು. ಹೆಸರು ಹಿಡಿದೇ ಕರೆಯುತ್ತಾಳೆ, ಆದರೆ ‘ನೀವು’ ಬಿಡುವುದಿಲ್ಲ. ನಮ್ಮೂರ ರೂಢಿ.

ಅವಳ ಕೆಲಸ ಇಷ್ಟು: ಅಯಸ್ಕಾಂತದ ಗುಣವಿರುವ ತೆಳು ಹರಳು. ಅದಕ್ಕೆ ತಿರುಚಿದ ಬೆಳಕು ಬೀಳಿಸಬೇಕು. ಕಣ್ಣೆವೆ ಇಕ್ಕುವುದಕ್ಕಿಂತ ಎಷ್ಟೋ ಚಿಕ್ಕ ಗಳಿಗೆ ಎಲೆಕ್ಟ್ರಾನುಗಳು ಅಂಚು ಹಿಡಿದು ಒಂದೇ ದಿಕ್ಕಿಗೆ ಹರಿಯುತ್ತವೆ. ಟೊಪಾಲಜಿಕಲ್ ಸ್ಥಿತಿ ಅನ್ನುತ್ತಾರೆ. ಬೆಳಕನ್ನು ಎಡಕ್ಕೆ ತಿರುಚಿದರೆ ಒಂದು ದಿಕ್ಕು, ಬಲಕ್ಕೆ ತಿರುಚಿದರೆ ಎದುರು ದಿಕ್ಕು.

ಈ ತಿಂಗಳ 11ಕ್ಕೆ ಹರಳನ್ನು ಇನ್ನಷ್ಟು ತಣಿಸಿದೆವು. ಬೆಳಕು ಎಡಕ್ಕೇ ಇತ್ತು, ಹರಿವು ಮಾತ್ರ ಮಗುಚಿತು. ಯಾರೂ ಕಾಣದ ಎರಡನೇ ಸ್ಥಿತಿ ಎಂದು ವೀಬ್ಕೆ ಕುಣಿದಾಡಿದಳು. ಪ್ರಬಂಧ ಕಳಿಸಿಯಾಯಿತು. ಮಾರ್ಚ್‌ಗೆ ಅವಳ ಕೆಲಸದ ಅವಧಿ ಮುಗಿಯುತ್ತದೆ. ಇದು ಅಚ್ಚಾದರೆ ಕಾಯಂ.

ಡಿಸೆಂಬರ್ 2, ಮಧ್ಯಾಹ್ನ

ತಿಂಗಳ ಕೊನೆಗೆ ನನ್ನ ನಿವೃತ್ತಿ. ಒಪ್ಪಿಸಿಕೊಡಲೆಂದು ಲಾಗ್ ಬುಕ್ ತಿರುವಿದೆ. ನವೆಂಬರ್ 10: ‘ಬೆಳಕು ತಿರುಚುವ ಗಾಜು ತೆಗೆದು ಒರೆಸಿ ಕೂರಿಸಿದೆ.’ ನನ್ನದೇ ಅಕ್ಷರ.

ಗಾಜಿನ ಅಂಚಿನಲ್ಲಿ ಪೆನ್ಸಿಲ್ ಬಾಣವಿದೆ. ಲೇಸರ್ ಕಡೆಗಿರಬೇಕು. ಹೋಗಿ ನೋಡಿದೆ — ಹರಳಿನ ಕಡೆಗಿದೆ. ಹಿಂದುಮುಂದಾದರೆ ಎಡವೇ ಬಲ. ಹರಳು ಹೊಸದೇನೂ ಮಾಡಿಲ್ಲ. ಮಾಡಿದ್ದು ನಾನು.

ಡಿಸೆಂಬರ್ 3

ಹೇಳಲಿಲ್ಲ.

ಡಿಸೆಂಬರ್ 9, ಸಂಜೆ 4

ಕ್ಯಾಂಟೀನಿನಲ್ಲಿ ಹೇಳಿಬಿಟ್ಟೆ. ಅವಳು ಆಲೂಗಡ್ಡೆ ಸೂಪಿನ ತಟ್ಟೆ ಪಕ್ಕಕ್ಕೆ ಸರಿಸಿದಳು. ಎಷ್ಟು ದಿನದಿಂದ ಗೊತ್ತು ಎಂದು ಕೇಳಿದಳು. ಒಂದು ವಾರ ಅಂದೆ.

“ಒಂದು ವಾರ ನನ್ನ ಜೋಕಿಗೆಲ್ಲ ನಗ್ತಾ ಇದ್ರಲ್ಲ, ಹಿನ್ನರ್ಕ್.”

“ಜೋಕು ಚೆನ್ನಾಗಿರಲಿಲ್ಲ. ಅದಕ್ಕೇ ಕಷ್ಟಪಟ್ಟು ನಕ್ಕೆ.”

ನಗಲಿಲ್ಲ. ನೇರ ಲೇಸರ್ ಮೇಜಿಗೆ ಬಂದು ಗಾಜು ತಿರುಗಿಸಲು ಹೇಳಿದಳು. ಬಾಣ ಲೇಸರ್ ಕಡೆಗೆ ಬರುವಂತೆ ಕೂರಿಸಿದೆ. ಸಿಗ್ನಲ್ ಹಳೆಯ ದಿಕ್ಕಿಗೇ ಬಂತು. ಎರಡನೇ ಸ್ಥಿತಿ ಇಲ್ಲ.

ಡಿಸೆಂಬರ್ 10, ಮಧ್ಯಾಹ್ನ

ಪ್ರಬಂಧ ಹಿಂತೆಗೆಯುವ ಪತ್ರ ಬರೆದಳು. ಕಾರಣದ ಜಾಗದಲ್ಲಿ ನನ್ನ ಹೆಸರು ಹಾಕಲು ಬೇಡಿದೆ. ಹೋಗುವವನಿಗೆ ಏನಾದೀತು?

“ಗಾಜು ಕೂರಿಸಿದ್ದು ನೀವು. ತಿರುಗಿಸಿ ನೋಡದೆ ಸಹಿ ಹಾಕಿದ್ದು ನಾನು,” ಅಂದಳು. ತನ್ನ ಹೆಸರೊಂದನ್ನೇ ಹಾಕಿದಳು.

ಮೊದಲನೇ ಸ್ಥಿತಿಯಂತೂ ನಿಜ. ಅದನ್ನಾದರೂ ಮೊದಲಿನಿಂದ ಅಳೆಯಬೇಕಂತೆ. ಬಾಗಿಲಲ್ಲಿ ನಿಂತು ಕೇಳಿದಳು, “ಮಾರ್ಚ್ ತನಕ ಇರ್ತೀರಾ?”

ಸೋಮವಾರದೊಳಗೆ ಹೇಳುತ್ತೇನೆ ಅಂದೆ. ಬೆನ್ನು ಸೋತಿದೆ ಅಕ್ಕಾ. ಆದರೆ ಆ ಮೇಜಿಗೆ ಬೇರೆಯವರು ಕೈ ಹಾಕುವುದನ್ನು ನೆನೆದರೆ...

ಈ ಹಾಳೆಗಳನ್ನೇ ಹರಿದು ನಿನಗೆ ಕಳಿಸುತ್ತೇನೆ. ನೀನಾಗಿದ್ದರೆ ಏನು ಹೇಳುತ್ತಿದ್ದೆ? ಬೇಗ ಬರೆ. ಸೋಮವಾರದೊಳಗೆ ಅವಳಿಗೆ ಉತ್ತರ ಕೊಡಬೇಕು.