ಬೇರೆ ತೊಟ್ಟಿಯ ಬಟ್ಟೆ

ಭಾನುವಾರ ಮಧ್ಯಾಹ್ನ
ಅಂಗಡಿಯ ಹಿಂದಿನ ಕೋಣೆಯಿಂದ

ಅಕ್ಕರೆಯ ಗುಬ್ಬಿ,

ಅಮ್ಮನ ಅಕ್ಷರ ನೋಡಿದ ಕೂಡಲೇ ಹರಿದು ಹಾಕಬೇಡ. ಹರಿಯುವುದೇ ಆದರೆ ಪೂರ್ತಿ ಓದಿ ಹರಿ. ನಾನು ಕ್ಷೇಮ ಅಂತ ಬರೆದರೆ ಸುಳ್ಳಾಗುತ್ತದೆ, ಕ್ಷೇಮವಿಲ್ಲ ಅಂತ ಬರೆದರೆ ತುಂಬಿದ ಬಸುರಿಗೆ ಚಿಂತೆ ಹಚ್ಚಿದ ಹಾಗಾಗುತ್ತದೆ. ಮಂಡಿನೋವು ಈಗ ಪರವಾಗಿಲ್ಲ ಅಂತಷ್ಟೇ ತಿಳಿದುಕೋ. ನಿನ್ನ ಕಾಲಿನ ಬಾವು ಇಳಿಯಿತೇ? ಮಲಗುವಾಗ ಕಾಲ ಕೆಳಗೆ ದಿಂಬು ಇಟ್ಟುಕೋ.

ಫೋನಿನಲ್ಲಿ ನೀನು, ಹೆರಿಗೆಗೆ ಬರಬೇಡಮ್ಮ ಅಂದೆ. ಅತ್ತೆ ಇದ್ದಾರೆ, ಅವರೇ ನೋಡಿಕೊಳ್ಳುತ್ತಾರೆ, ನೀನು ಬಂದರೆ ಈ ಮನೆಯಲ್ಲಿ ನಾನು ತಲೆ ಎತ್ತಿ ಓಡಾಡುವ ಹಾಗಿಲ್ಲ ಅಂದೆ. ಅಲ್ಲಿಗೇ ನಿಲ್ಲಿಸಿದ್ದರೆ ಹೂಂ ಅಂದು ಫೋನು ಇಡುತ್ತಿದ್ದೆ. ಆಮೇಲೆ ಇನ್ನೊಂದು ಮಾತು ಬಂತು. ಊರವರೆಲ್ಲ ನಿನ್ನನ್ನ ಸೂಳೆ ಅಂತಾರಲ್ಲಮ್ಮ, ನಾನೇನು ಹೇಳ್ಲಿ ಅಂತ ಅಳುತ್ತ ಕೇಳಿದೆ. ಆ ಪದವನ್ನು ಮೊದಲು ಬೇರೆಯವರ ಬಾಯಲ್ಲಿ ಕೇಳಿದ್ದೆ, ತಡೆದುಕೊಂಡಿದ್ದೆ. ನಿನ್ನ ಬಾಯಲ್ಲಿ ಕೇಳಿದಾಗ ತಡೆಯಲಾರದೆ ಫೋನು ಇಟ್ಟುಬಿಟ್ಟೆ. ಅದಕ್ಕೇ ಇವತ್ತು ಬರೆಯಲು ಕೂತಿದ್ದೇನೆ.

ನನ್ನ ಸುದ್ದಿ ನಿಮ್ಮ ಮನೆ ಮುಟ್ಟಿದ ಮೇಲೆ ಒಮ್ಮೆ ಬಂದಿದ್ದೆನಲ್ಲ. ಸ್ನಾನ ಮಾಡಿ ಹಿತ್ತಲಿಗೆ ಬಂದರೆ ಮನೆಯವರ ಬಟ್ಟೆಯೆಲ್ಲ ಒಂದು ಕಡೆ ನೆನೆಯುತ್ತಿತ್ತು, ನನ್ನದು ಮಾತ್ರ ಹಿಡಿಕೆ ಮುರಿದ ಕೆಂಪು ಬಕೆಟ್ಟಿನಲ್ಲಿ ಬೇರೆ ಇತ್ತು. ಬೀಗಿತ್ತಿ ಹಾಗೆ ಇಟ್ಟರೋ, ನೀನೇ ಇಟ್ಟೆಯೋ ನಾನು ಕೇಳಲಿಲ್ಲ. ಜೀವಮಾನವಿಡೀ ಬಟ್ಟೆ ಒಗೆದವಳಿಗೆ ಅದರ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಸಂಜೆಯ ಬಸ್ಸಿಗೆ ಹೊರಟುಬಿಟ್ಟೆ, ಅಂಗಡಿಯಲ್ಲಿ ಕೆಲಸ ಇದೆ ಅಂತ ನೆಪ ಹೇಳಿದ್ದೆ.

ನಮ್ಮ ಲಾಂಡ್ರಿ ಅಂಗಡಿಯ ಹಿಂದಿನ ಎರಡು ಕಲ್ಲುತೊಟ್ಟಿಗಳು ನಿನಗೆ ನೆನಪಿವೆಯಲ್ಲ. ದೊಡ್ಡದರಲ್ಲಿ ಊರಿನ ಬಟ್ಟೆ, ನಮ್ಮ ಮನೆಯ ಬಟ್ಟೆ. ಮೂಲೆಯ ಚಿಕ್ಕದರಲ್ಲಿ ಮಾರುಕಟ್ಟೆಯ ಹಿಂದಿನ ಹಳದಿ ಮನೆಯ ಹಾಸುಗಳು. ಅದು ಎಂಥ ಮನೆ, ಅಲ್ಲಿರುವ ಹೆಂಗಸರು ಯಾರು ಅಂತ ಎಲ್ಲರಿಗೂ ಗೊತ್ತು. ನೀನು ಚಿಕ್ಕವಳಿದ್ದಾಗ ಅದನ್ನು ಯಾಕೆ ಬೇರೆ ಒಗೆಯುತ್ತೀ ಅಂತ ಕೇಳಿದ್ದೆ. ಬಣ್ಣ ಬಿಡುತ್ತೆ ಅಂತ ಹೇಳಿ ನಾನು ನಿನ್ನನ್ನು ಸುಮ್ಮನಾಗಿಸಿದ್ದೆ. ಬಿಳಿ ಹಾಸು ಯಾವ ಬಣ್ಣ ಬಿಟ್ಟೀತು ಹೇಳು.

ಅದೇ ಹಳದಿ ಮನೆಯಿಂದ ವಾರ ವಾರ ಇನ್ನೊಂದು ಬಟ್ಟೆಯೂ ಬರುತ್ತಿತ್ತು. ನಿನ್ನ ಅಪ್ಪನ ಬಿಳಿ ಅಂಗಿ. ಅದು ಗಂಟಿನಲ್ಲಿ ಬರುತ್ತಿರಲಿಲ್ಲ, ಅವರ ಮೈಮೇಲೇ ಬರುತ್ತಿತ್ತು. ಅಲ್ಲಿನ ಅಗ್ಗದ ಸೆಂಟಿನ ವಾಸನೆ ಎರಡು ಸಲ ಸೋಪು ಹಾಕಿದರೂ ಬಿಡುತ್ತಿರಲಿಲ್ಲ. ಆದರೂ ಅದಕ್ಕೆ ದೊಡ್ಡ ತೊಟ್ಟಿಯೇ. ನಿನ್ನ ಶಾಲೆಯ ಬಟ್ಟೆಯ ಜೊತೆಗೇ ನೆನೆಹಾಕುತ್ತಿದ್ದೆ. ಹಾಸು ಮೈಲಿಗೆ, ಆ ಹಾಸಿನ ಮೇಲೆ ಮಲಗಿ ಬಂದ ಅಂಗಿ ಮಡಿ. ಅಷ್ಟು ವರ್ಷ ನನಗೂ ಅದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ, ಅದನ್ನು ನೆನೆದರೆ ಈಗ ನನ್ನ ಮೇಲೇ ನನಗೆ ಸಿಟ್ಟು ಬರುತ್ತದೆ.

ಇದು ನಿನಗೆ ಹೊಸ ವಿಷಯವಲ್ಲ. ದೊಡ್ಡವಳಾದ ಮೇಲೆ ನೀನೇ ಒಂದು ದಿನ ಅಪ್ಪನ ಓಡಾಟ ಅಂತ ಮೆಲ್ಲಗೆ ಅಂದಿದ್ದೆ. ಊರವರೂ ಅದನ್ನೇ ಅನ್ನುತ್ತಿದ್ದರು. ಓಡಾಟ, ಶೋಕಿ, ಸ್ವಲ್ಪ ರಸಿಕರು. ಹಾಲಿನ ಅಂಗಡಿಯ ಅಜ್ಜಿಯಂತೂ ಗಂಡಸು ಅಂದ್ಮೇಲೆ ಅಷ್ಟೂ ಇರಲ್ವೇನಮ್ಮ, ಮನೆಗೆ ತಂದು ಹಾಕ್ತಾರಲ್ಲ ಅಂತ ನನಗೇ ಸಮಾಧಾನ ಹೇಳಿದ್ದರು. ನಿನ್ನ ಅಪ್ಪ ತೀರಿಕೊಂಡಾಗ ಬಂದವರೆಲ್ಲ ಎಷ್ಟು ಒಳ್ಳೆಯ ಮಾತಾಡಿದರು. ದುಡ್ಡು ಕೊಟ್ಟು ಹೆಣ್ಣಿನ ಹತ್ತಿರ ಹೋಗುತ್ತಿದ್ದವರು ಅಂತ ಯಾರೂ ಅನ್ನಲಿಲ್ಲ. ಆ ಬಿಳಿ ಅಂಗಿಗಳನ್ನು ನಾನು ಟ್ರಂಕಿನಲ್ಲಿಟ್ಟೆ. ಯಾರಿಗಾದರೂ ಕೊಡಲು ಮನಸ್ಸಾಗಲಿಲ್ಲ, ತೆಗೆದು ನೋಡಲೂ ಮನಸ್ಸಾಗಲಿಲ್ಲ.

ಈಗ ನೀನು ಕೇಳಲಾರದ್ದನ್ನು ಹೇಳುತ್ತೇನೆ. ಮುಜುಗರವಾದರೆ ಈ ಭಾಗ ಬಿಟ್ಟು ಮುಂದೆ ಓದು.

ಅಪ್ಪ ಹೋದ ಮೇಲೆ ನನ್ನನ್ನು ಯಾರೂ ಮುಟ್ಟಿರಲಿಲ್ಲ. ನಿಜ ಹೇಳಬೇಕೆಂದರೆ ಅವರು ಹೋಗುವ ಎಷ್ಟೋ ವರ್ಷ ಮೊದಲೇ ಅದು ನಿಂತಿತ್ತು. ಊರವರ ಮೈಬಟ್ಟೆಯೆಲ್ಲ ನನ್ನ ಕೈಯಲ್ಲಿ ಹಾದುಹೋಗುತ್ತಿತ್ತು, ನನ್ನ ಮೈ ಅನ್ನುವುದೊಂದು ಇದೆ ಅಂತ ನನಗೇ ಮರೆತುಹೋಗಿತ್ತು. ಬ್ಯೂಟಿ ಪಾರ್ಲರಿನ ಗೆಳತಿ ಒಬ್ಬ ಗಂಡಸಿನ ನಂಬರು ಬರೆದ ಚೀಟಿ ಕೊಟ್ಟಳು. ನಗುತ್ತಲೇ ಕೊಟ್ಟಳು, ನಾನೂ ನಕ್ಕು ಬಿಸಾಡಿದೆ, ಆಮೇಲೆ ಕಸದ ಬುಟ್ಟಿಯಿಂದ ಹೆಕ್ಕಿದೆ. ಅವನು ನಲವತ್ತು ದಾಟಿದವನು, ಮುಚ್ಚಿದ ಕಾರ್ಖಾನೆಯಲ್ಲಿ ಕೆಲಸ ಕಳೆದುಕೊಂಡವನು. ನಿಲ್ದಾಣದ ಹತ್ತಿರದ ಲಾಡ್ಜಿನ ಕೋಣೆಯಲ್ಲಿ ಭೇಟಿ. ನನ್ನನ್ನು ಮೇಡಂ ಅನ್ನುತ್ತಿದ್ದ. ಬರೀ ಮಾತಾಡುತ್ತಿದ್ದೆವು ಅಂತ ಬರೆದರೆ ನಿನಗೆ ಹಗುರವಾಗುತ್ತಿತ್ತು. ಬರೀ ಮಾತಲ್ಲ ಗುಬ್ಬಿ. ಪ್ರೀತಿ ಅಂದರೂ ನಿನಗೆ ಸ್ವಲ್ಪ ಸಮಾಧಾನವಾಗಬಹುದು, ಆದರೆ ಅದು ಪ್ರೀತಿಯೂ ಅಲ್ಲ. ನಾನು ದುಡ್ಡು ಕೊಡುತ್ತಿದ್ದೆ, ಅವನು ತೆಗೆದುಕೊಳ್ಳುತ್ತಿದ್ದ, ಇಬ್ಬರೂ ಮರ್ಯಾದೆಯಿಂದ ಇದ್ದೆವು. ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ನಿದ್ದೆ ಬರುತ್ತಿತ್ತು. ಅಂಥ ನಿದ್ದೆ ನನಗೆ ಬಹಳ ಕಾಲದಿಂದ ಬಂದಿರಲಿಲ್ಲ.

ನಾನು ಕೆಟ್ಟದ್ದು ಈ ಒಗೆಯುವ ಕಸುಬಿನಿಂದ. ಅವನು ಕುರ್ಚಿಯ ಮೇಲೆ ಬಿಚ್ಚಿಟ್ಟ ನೀಲಿ ಅಂಗಿಯ ಕಾಲರು ಕಪ್ಪುಗಟ್ಟಿತ್ತು. ಎಂಥ ಹೊತ್ತಿನಲ್ಲೂ ನನ್ನ ಕಣ್ಣು ಆ ಕಾಲರಿನ ಕಡೆಗೇ ಹೋಗುತ್ತಿತ್ತು, ಬೇರೆ ಯಾರ ಕಥೆಯಾಗಿದ್ದರೂ ನೀನು ನಗುತ್ತಿದ್ದೆ. ಕೊನೆಗೆ ತಡೆಯಲಾರದೆ, ಮುಂದಿನ ಸಲ ಬೇರೆ ಅಂಗಿ ಹಾಕಿಕೊಂಡು ಬಾ, ಅದನ್ನು ಕೈಯಲ್ಲಿ ತಗೊಂಡು ಬಾ, ಒಗೆದು ಕೊಡುತ್ತೇನೆ ಅಂದೆ. ಮನೆಗೆ ತಂದೆ. ನಮ್ಮಲ್ಲಿ ಯಾವ ಬಟ್ಟೆಯೂ ಗುರುತು ಹಾಕದೆ ನೀರಿಗೆ ಇಳಿಯುವುದಿಲ್ಲವಲ್ಲ. ಕೈ ತಾನಾಗಿಯೇ ಮಸಿಕಡ್ಡಿ ಎತ್ತಿಕೊಂಡಿತು. ಒಂದೊಂದು ಮನೆಗೆ ಒಂದೊಂದು ಗುರುತು, ಅವನಿಗೆ ಯಾವುದೂ ಇರಲಿಲ್ಲ. ಕೈಗೆ ರೂಢಿಯಾದದ್ದನ್ನೇ ಕಾಲರಿನ ಒಳಗೆ ಹಾಕಿದೆ. ಎರಡು ಚುಕ್ಕೆ, ನಡುವೆ ಒಂದು ಗೆರೆ. ನಿನ್ನ ಅಪ್ಪನ ಗುರುತು. ಹಾಕಿದ್ದು ನನಗೆ ಗೊತ್ತೇ ಆಗಲಿಲ್ಲ.

ಅವನು ಆ ಅಂಗಿಯನ್ನು ಒಂದು ದಿನ ಮಾರುಕಟ್ಟೆಯಲ್ಲಿ ಇಸ್ತ್ರಿಗೆ ಕೊಟ್ಟ. ಕೊಟ್ಟದ್ದು ಯಾರಿಗೆ ಅಂತೀ? ಮೊದಲು ನಮ್ಮಲ್ಲೇ ಕೆಲಸಕ್ಕಿದ್ದ ಇಸ್ತ್ರಿ ಅಕ್ಕನಿಗೆ. ಅವಳು ಕಾಲರು ಮಗುಚಿ ನೋಡಿ, ನಮ್ಮ ಯಜಮಾನ್ರ ಅಂಗಿ ಕದ್ದು ಹಾಕ್ಕೊಂಡಿದಾನೆ ಅಂತ ಕೂಗಿ ಜನ ಸೇರಿಸಿದಳು. ಅವಳನ್ನು ಬೈಯಬೇಡ, ನಮ್ಮ ಮೇಲಿನ ಅಭಿಮಾನದಿಂದಲೇ ಮಾಡಿದಳು. ನನಗೆ ಹೇಳಿಕಳಿಸಿದರು. ಹೋಗಿ ನೋಡಿದರೆ ಅವನನ್ನು ಕಂಬಕ್ಕೆ ಒರಗಿಸಿ ಹೊಡೆಯುತ್ತಿದ್ದಾರೆ, ತುಟಿ ಒಡೆದು ರಕ್ತ ಬಂದಿದೆ. ಅಂಗಿ ನನ್ನದೇ ಅನ್ನುವುದೊಂದು ಬಿಟ್ಟು ಅವನು ಬೇರೆ ಮಾತೇ ಆಡಿರಲಿಲ್ಲ. ನನ್ನನ್ನು ಕಂಡ, ಗುರುತೇ ಇಲ್ಲದವನ ಹಾಗೆ ಕಣ್ಣು ಆಚೆಗೆ ತಿರುಗಿಸಿಕೊಂಡ.

ಲಾಡ್ಜಿನಲ್ಲಿ ಸಿಕ್ಕಿಬಿದ್ದಳು ಅಂತ ನಿಮ್ಮಲ್ಲಿಗೆ ಸುದ್ದಿ ಬಂದಿದೆಯಂತೆ. ನನ್ನನ್ನು ಯಾರೂ ಹಿಡಿಯಲಿಲ್ಲ. ಅವನು ಕಳ್ಳನಲ್ಲ, ಅಂಗಿ ಅವನದೇ, ನಾನೇ ಒಗೆದು ಕೊಟ್ಟದ್ದು ಅಂತ ನಾನೇ ಹೇಳಿದೆ. ಹಾಗಾದ್ರೆ ಯಜಮಾನ್ರ ಗುರುತು ಯಾಕಿದೆ ಅಕ್ಕಾ ಅಂತ ಇಸ್ತ್ರಿಯವಳು ಕೇಳಿದಳು. ದಿನಸಿ ಅಂಗಡಿಯವರು, ಇವನು ನಿಮಗೆ ಏನಾಗ್ಬೇಕು ಅಂತ ಕೇಳಿದರು. ಬಡವ ಅಂತ ಹಳೆಯ ಅಂಗಿ ಕೊಟ್ಟೆ ಅನ್ನಬಹುದಿತ್ತು, ಅದು ನನಗೆ ಹೊಳೆದದ್ದು ಮನೆಗೆ ಬಂದ ಮೇಲೆ. ಆಗ ಕಂಡದ್ದು ಆ ತುಟಿಯ ರಕ್ತ ಮಾತ್ರ. ನಾನು ದುಡ್ಡು ಕೊಟ್ಟು ಕರೆಸಿಕೊಳ್ಳೋನು ಇವನು, ಬಿಟ್ಟುಬಿಡಿ ಅಂದೆ. ಬಿಟ್ಟರು.

ಆಮೇಲೆ ಆದದ್ದನ್ನು ಕೇಳು. ದುಡ್ಡು ಕೊಟ್ಟವಳು ನಾನು. ನನಗೆ ಇಟ್ಟದ್ದು ದುಡ್ಡು ತೆಗೆದುಕೊಳ್ಳುವವಳ ಹೆಸರು. ದುಡ್ಡು ತೆಗೆದುಕೊಂಡ ಅವನಿಗೆ ಪಾಪ, ಹೊಟ್ಟೆಪಾಡು ಅಂದರು. ಅವನನ್ನು ಹೊಡೆದವರಲ್ಲೇ ಒಬ್ಬ ಬೆನ್ನು ತಟ್ಟಿ, ಒಳ್ಳೆ ಗಿರಾಕಿ ಹಿಡಿದಿದ್ದೀಯ ಅಂತ ನಕ್ಕ. ನಿನ್ನ ಅಪ್ಪ ಕೊಟ್ಟಾಗ ಹೆಸರು ಹೋಗಿ ಹಳದಿ ಮನೆಯವರಿಗೆ ಅಂಟಿತು. ನಾನು ಕೊಟ್ಟಾಗ ಅದೇ ಹೆಸರು ತಿರುಗಿ ನನಗೆ ಅಂಟಿತು. ನನಗೆಂದೇ ಬೇರೊಂದು ಬೈಗುಳವನ್ನಾದರೂ ಹುಟ್ಟಿಸಬಹುದಿತ್ತು, ಅಷ್ಟು ಕಷ್ಟವನ್ನೂ ಯಾರೂ ಪಡಲಿಲ್ಲ. ಇದನ್ನು ಯೋಚಿಸುತ್ತ ತೊಟ್ಟಿಯ ಮುಂದೆ ಕೂತು ಅತ್ತುಬಿಟ್ಟೆ ಗುಬ್ಬಿ. ಅವನು ಊರು ಬಿಟ್ಟು ಹೋದ. ಎಲ್ಲಿದ್ದಾನೋ ಗೊತ್ತಿಲ್ಲ.

ಅಂಗಡಿಗೆ ಈಗ ಬಟ್ಟೆ ಹೆಚ್ಚು ಬರುವುದಿಲ್ಲ. ಹಾಲಿನ ಅಜ್ಜಿ ಮುಖ ತಿರುಗಿಸಿಕೊಂಡು ಹೋಗುತ್ತಾರೆ. ಹಳದಿ ಮನೆಯವರು ಮಾತ್ರ ಬಿಟ್ಟಿಲ್ಲ. ಅಲ್ಲಿಯ ಹಿರಿಯಳು ಮೊನ್ನೆ ಗಂಟು ಇಳಿಸಿ, ಇಷ್ಟು ವರ್ಷದಲ್ಲಿ ಮೊದಲ ಸಲ ನನ್ನ ಪಕ್ಕ ಕೂತಳು. ನಾನೇ ಕೂತುಕೋ ಅಂದೆ, ಮೊದಲು ಯಾವತ್ತೂ ಅಂದಿರಲಿಲ್ಲ. ನಿಮ್ಮಲ್ಲಿಗೆ ದುಡ್ಡು ಹಿಡಿದು ಬರುವ ಗಂಡಸರಿಗೆ ನೀವು ಏನನ್ನುತ್ತೀರಿ ಅಂತ ಕೇಳಿದೆ. ಏನಂತೀವಿ ಅಕ್ಕಾ, ಬರೋರು ಅಂತೀವಿ, ಬರ್ತಾರೆ ಹೋಗ್ತಾರೆ ಅಂದಳು. ಗಂಟು ಬಿಚ್ಚುತ್ತ, ನಿಮ್ಮ ಯಜಮಾನ್ರನ್ನೂ ಹಂಗೇ ಅಂತಿದ್ವಿ, ಬೇಜಾರು ಮಾಡ್ಕೋಬೇಡಿ ಅಂದಳು. ಅವತ್ತು ಅವರ ಹಾಸುಗಳನ್ನು ದೊಡ್ಡ ತೊಟ್ಟಿಯಲ್ಲಿ ಹಾಕಿದೆ.

ನಿನ್ನ ಕಷ್ಟ ನನಗೆ ಅರ್ಥವಾಗುತ್ತದೆ. ಅದೇ ಮನೆಯಲ್ಲಿ ಬಾಳಬೇಕಾದವಳು ನೀನು. ಬೀಗಿತ್ತಿ ಕೆಟ್ಟವರಲ್ಲ, ಅಳಿಯಂದಿರೂ ಮೆದು ಮನುಷ್ಯ. ನಾನು ಮನೆಗೆ ಬರುವುದಿಲ್ಲ. ಆದರೆ ಆಸ್ಪತ್ರೆ ಎಲ್ಲರದ್ದೂ ಅಲ್ಲವೇ? ನೋವು ಶುರುವಾದಾಗ ಯಾರ ಕೈಯಲ್ಲಾದರೂ ಒಂದು ಮಾತು ತಿಳಿಸು. ಹೊರಗಿನ ಬೆಂಚಿನ ಮೇಲೆ, ಬೇರೆ ಯಾರದೋ ಕಡೆಯವಳ ಹಾಗೆ ಕೂತಿರುತ್ತೇನೆ. ಕೂಸು ಅತ್ತದ್ದು ಕೇಳಿಸಿದರೆ ಸಾಕು, ಎದ್ದು ಬರುತ್ತೇನೆ. ನಿನ್ನ ಅಮ್ಮನಿಗೆ ಊರವರು ಏನು ಬೇಕಾದರೂ ಅನ್ನಲಿ. ಕೂಸು ಮಾತಾಡಲು ಕಲಿತ ಮೇಲೆ ನನ್ನನ್ನು ಅಜ್ಜಿ ಅನ್ನಬೇಕು ಅಂತ ನನಗೆ ತುಂಬ ಆಸೆ. ಇದಕ್ಕಿಂತ ಹೆಚ್ಚು ಕೇಳಲು ನನಗೆ ಬಾಯಿಲ್ಲ.

ಊಟ ಬಿಡಬೇಡ. ಭಾರ ಎತ್ತಬೇಡ. ಬಗ್ಗಿ ಬಟ್ಟೆ ಒಗೆಯಬೇಡ.

ಯಾವ ಹೆಸರಿನಿಂದ ಕರೆದರೂ ಓಗೊಡುವ
ನಿನ್ನ ಅಮ್ಮ

ಮರೆತ ಮಾತು: ಕೂಸಿಗೆ ಮೆತ್ತನೆ ಬಟ್ಟೆಗಳನ್ನು ಹೊಲಿದು ಬೇರೆ ಪಾರ್ಸೆಲ್ಲಿನಲ್ಲಿ ಕಳಿಸಿದ್ದೇನೆ. ಹೊಸ ಬಟ್ಟೆ ಎಳೆ ಮೈಗೆ ಚುಚ್ಚುತ್ತದೆ ಅಂತ ಟ್ರಂಕಿನಲ್ಲಿದ್ದ ನಿನ್ನ ಅಪ್ಪನ ಬಿಳಿ ಅಂಗಿಗಳನ್ನೇ ಕತ್ತರಿಸಿದೆ. ಒಗೆದೂ ಒಗೆದೂ ಬೆಣ್ಣೆಯಂತಾಗಿದ್ದವು. ಕಾಲರು ತೆಗೆದುಹಾಕಿದ್ದೇನೆ, ಯಾವುದರ ಮೇಲೂ ಗುರುತಿಲ್ಲ. ಹೊಲಿದವಳು ನಾನು ಅಂತ ಹೇಳಬೇಡ. ಅತ್ತೆ ಕೇಳಿದರೆ ಅಪ್ಪನ ಅಂಗಿ ಅನ್ನು. ಆಗ ಬೇರೆ ಬಕೆಟ್ಟು ಬೇಕಾಗುವುದಿಲ್ಲ.