ಬಿಚ್ಚದ ಅಂಗೈ

ಲೇ ಸರ್ವಮಂಗಳಾ, ಬಾಯಲ್ಲೇನು ಕಡುಬು ಇಟ್ಟುಕೊಂಡಿದ್ದೆಯೇನೇ? ನೋಯುತ್ತದೆ ಅಂತ ಒಂದು ಮಾತು ಹೇಳದೆ ಹೋದ ಸೊಸೆ ಈ ಅಜ್ಜಂಪುರದಲ್ಲಿ ನೀನೊಬ್ಬಳೇ.

ಪೂಜೆಗೆ ಕೂತರೆ ನಿನ್ನ ಎಡಗೈ ಬಿಚ್ಚುತ್ತಿರಲಿಲ್ಲ. ಬೆರಳೆಲ್ಲ ಕೊಕ್ಕೆಯ ಹಾಗೆ ಮಡಚಿಕೊಂಡು, ಇಷ್ಟಲಿಂಗ ಅಂಗೈ ಮೇಲೆ ನೆಟ್ಟಗೆ ಕೂರುತ್ತಿರಲಿಲ್ಲ. "ಕೈ ಸರಿಯಾಗಿ ಹಿಡಿಯೇ, ಸೋಮಾರಿ" ಅಂತ ದಿನಾ ಅಂದೆ. ನೀನು ಕಣ್ಣು ಮುಚ್ಚಿದ ಮೇಲೆ ಡಾಕ್ಟರು ಹೇಳಿದರು, ಅಂಡಾಶಯದ ಕ್ಯಾನ್ಸರಿನ ಗುರುತು ಮೊದಲು ಕಾಣಿಸಿಕೊಂಡದ್ದು ಆ ಕೈಯಲ್ಲೇ ಅಂತ.

ಮೊನ್ನೆ ಪಕ್ಕದ ಮನೆ ಖುರ್ಷಿದ್ ಬೇಗಂ ಹುಣಸೆಹಣ್ಣು ಕೊಡಲು ಬಂದಳು. ಎರಡೂ ಕೈ ನಿನ್ನ ಹಾಗೆಯೇ.

"ಅಂಗೈ ಬಿಚ್ಚೇ" ಅಂದೆ.

"ಬಿಚ್ಚಲ್ಲ ಕಣಮ್ಮಾ, ವಾಯು ಇರ್ಬೇಕು."

"ನಿನ್ನ ವಾಯುಗಿಷ್ಟು ಬೆಂಕಿ ಹಾಕ, ನಡಿಯೇ" ಅಂತ ತರೀಕೆರೆ ಬಸ್ಸು ಹತ್ತಿಸಿದೆ.

ಸಕ್ಕರೆ ಕಾಯಿಲೆಗೂ ಕೈ ಹೀಗಾಗುತ್ತದೆ ಅಂದರು ಡಾಕ್ಟರಮ್ಮ. ಹೊಟ್ಟೆಯನ್ನೂ ಸ್ಕ್ಯಾನ್ ಮಾಡದೆ ನಾನು ಏಳುವುದಿಲ್ಲ ಅಂತ ಕೂತೆ. ಅಂಡಾಶಯದಲ್ಲಿ ಗಡ್ಡೆ ಸಿಕ್ಕಿತು. ಇನ್ನೂ ಹರಡಿದ ಹಾಗಿಲ್ಲವಂತೆ. ಬರುವ ತಿಂಗಳು ಆಪರೇಷನ್.

ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ಕೇಳಿದಳು: "ನಿಮ್ಮ ಸೊಸೆಗೆ ಕೈ ಭಾಳ ನೋಯ್ತಿತ್ತೇನಮ್ಮಾ?"

"ಟಿಕೆಟ್ ಜೋಪಾನವಾಗಿ ಇಟ್ಕೊಳ್ಳೇ" ಅಂದೆ.

ಎಷ್ಟು ನೋಯುತ್ತಿತ್ತು? ಅವಳಿಗೆ ಏನಾದರೂ ಹೇಳಬೇಕು ನಾನು. ಬರುವ ತಿಂಗಳು ಹುಟ್ಟುವುದರೊಳಗೆ ಬರೆ. ಕೈ ಆಡದಿದ್ದರೆ ಅಲ್ಲಿ ಯಾರ ಹತ್ತಿರವಾದರೂ ಬರೆಸು.